ಎಲ್ಲ ಮಕ್ಕಳಿಗೂ ಒಂದೇ ತರಗತಿ: ಸಮನ್ವಯ ಶಿಕ್ಷಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಟಿಸಂ (ಬೆರೆಯುವುದು, ಮಾತಾಡುವುದು ಕಷ್ಟವಾಗುವ ಸ್ಥಿತಿ), ಎಡಿಎಚ್‌ಡಿ (ಗಮನ ನಿಲ್ಲದ, ಸುಮ್ಮನೆ ಕೂರಲಾಗದ ಸ್ಥಿತಿ), ಡಿಸ್ಲೆಕ್ಸಿಯಾ (ಓದು ಬರಹದ ತೊಂದರೆ) ಇರುವ ಮಕ್ಕಳು, ದೃಷ್ಟಿ, ಶ್ರವಣ, ದೈಹಿಕ ಅಥವಾ ಬೌದ್ಧಿಕ ವೈಕಲ್ಯ ಇರುವ ಮಕ್ಕಳು ಊರಿನ ಸಾಮಾನ್ಯ ಶಾಲೆಯಲ್ಲೇ ಉಳಿದವರ ಜೊತೆ ಕಲಿಯುವುದೇ ಸಮನ್ವಯ ಶಿಕ್ಷಣ. ಅದಕ್ಕೆ ಯಾರು ಏನು ಮಾಡಬೇಕು? ಕರ್ನಾಟಕದ ಪೋಷಕರು, ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿ ಉತ್ತರಿಸಿದ್ದೇವೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ನಮ್ಮ ಶಾಲೆಯಲ್ಲಿ ಇಂಥ ನಾಲ್ಕು ಮಕ್ಕಳಿದ್ದಾರೆ. ಅಂದಮೇಲೆ ಸಮನ್ವಯ ಶಿಕ್ಷಣ ನಡೆಯುತ್ತಿದೆ ಎಂದೇ ಅಲ್ಲವೇ?

ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಹಾಗೆನ್ನಲಾಗದು. ಆ ನಾಲ್ವರಲ್ಲಿ ಒಬ್ಬರನ್ನು ಆರಿಸಿಕೊಂಡು, ನಿನ್ನೆ ಮೂರನೇ ಪಿರಿಯಡ್‌ನಲ್ಲಿ ಆ ಮಗು ಏನು ಮಾಡುತ್ತಿತ್ತು ಎಂದು ಕೇಳಿಕೊಳ್ಳಿ. ‘ಸುಮ್ಮನೆ ಕೂತಿತ್ತು, ಯಾರಿಗೂ ತೊಂದರೆ ಕೊಡಲಿಲ್ಲ’ ಎಂಬ ಉತ್ತರ ಬಂದರೆ ಮಗುವಿಗೆ ಜಾಗ ಸಿಕ್ಕಿದೆ, ಪಾಠ ಸಿಕ್ಕಿಲ್ಲ. ಆ ಮಗುವಿಗೆ ಯಾವ ಅಡ್ಡಿ ಇದೆ, ಅದಕ್ಕೆ ತರಗತಿಯಲ್ಲಿ ಏನು ಬದಲಿಸಿದ್ದೇವೆ, ಅದು ಫಲ ಕೊಟ್ಟಿತೇ ಎಂಬ ಮೂರು ಮಾತು ಒಂದು ಹಾಳೆಯಲ್ಲಿ ಬರೆದಿರಬೇಕು. ಬರೆಯದೆ ಬಿಟ್ಟದ್ದು ಶಿಕ್ಷಕರ ವರ್ಗಾವಣೆಯ ಜೊತೆಗೇ ಹೊರಟುಹೋಗುತ್ತದೆ.

ಶಾಲೆಯವರು ‘ನಮ್ಮಲ್ಲಿ ಸೌಲಭ್ಯ ಇಲ್ಲ, ಬೇರೆ ಕಡೆ ನೋಡಿ’ ಎನ್ನುತ್ತಾರೆ. ಹಾಗೆ ಹೇಳಬಹುದೇ?

ಇಲ್ಲ. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ 16ನೇ ಕಲಂ ಸರ್ಕಾರದ ಅನುದಾನ ಪಡೆದ ಶಾಲೆಗಳಿಗಷ್ಟೇ ಅಲ್ಲ, ಸರ್ಕಾರದ ಮಾನ್ಯತೆ ಪಡೆದ ಶಾಲೆಗಳಿಗೂ ಅನ್ವಯಿಸುತ್ತದೆ. ಅಂದರೆ ಖಾಸಗಿ ಶಾಲೆಯೂ ಬಂತು. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡ ಮತ್ತು ಶೌಚಾಲಯ ಬಳಸುವಂತಿರಬೇಕು, ಮಗುವಿಗೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಎಂದು ಅಲ್ಲಿ ಸ್ಪಷ್ಟವಾಗಿದೆ. 31ನೇ ಕಲಂ ಪ್ರಕಾರ ಶೇ 40 ಅಥವಾ ಹೆಚ್ಚಿನ ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ಹತ್ತಿರದ ಸಾಮಾನ್ಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಮಗುವಿನ ಕಡೆಯವರದು. ಮುಖ್ಯೋಪಾಧ್ಯಾಯರು ಅದನ್ನು ತೀರ್ಮಾನಿಸುವಂತಿಲ್ಲ.

ಇದರ ಜೊತೆ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ಉಚಿತವಾಗಿ ಮೀಸಲಿಡುವ 25% ಸೀಟುಗಳನ್ನು ಬೆರೆಸಿಕೊಳ್ಳಬೇಡಿ. 2012ರ ತಿದ್ದುಪಡಿಯಿಂದ ವಿಕಲಚೇತನ ಮಕ್ಕಳೂ ಅವಕಾಶವಂಚಿತ ವರ್ಗಕ್ಕೆ ಸೇರಿದ್ದಾರೆ ನಿಜ. ಆದರೆ 2019ರಿಂದ ಕರ್ನಾಟಕದಲ್ಲಿ ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಆ ಸೀಟು ಸಿಗುವುದಿಲ್ಲ. ಶುಲ್ಕ ಕೊಟ್ಟು ಸೇರಿಸಲು ಹೋದಾಗ ವೈಕಲ್ಯದ ಕಾರಣಕ್ಕೆ ನಿರಾಕರಿಸುವಂತಿಲ್ಲ ಎಂಬುದು ಬೇರೆಯೇ ಹಕ್ಕು. ಅದು ಹಾಗೇ ಇದೆ.

ವೈಕಲ್ಯದ ಸರ್ಟಿಫಿಕೇಟ್ ಬರುವವರೆಗೆ ಶಾಲೆ ಕಾಯಬೇಕೇ?

ಕಾಯಬಾರದು. ಮುಂದಿನ ಬೆಂಚಿನಲ್ಲಿ ಕೂರಿಸಲು, ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಲು, ಬಾಯಲ್ಲಿ ಉತ್ತರ ಕೇಳಿ ಅಂಕ ಕೊಡಲು ಯಾವ ಸರ್ಟಿಫಿಕೇಟೂ ಬೇಡ. ಅದು ಬೇಕಾಗುವುದು ವಿದ್ಯಾರ್ಥಿವೇತನ, ಸಾಧನ ಸಲಕರಣೆ, ಬಸ್ ಪಾಸ್, ಎಸ್‌ಎಸ್‌ಎಲ್‌ಸಿ ರಿಯಾಯಿತಿ ಮತ್ತು ಮುಂದೆ ಮೀಸಲಾತಿಗೆ.

ಅರ್ಜಿ ಹಾಕುವುದು ಯುಡಿಐಡಿ ಕಾರ್ಡಿಗೆ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ), ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಗೊತ್ತಾಗದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕೇಳಿ. ಅರ್ಜಿ ತುಂಬಿಸುವುದು ಅವರ ಕೆಲಸದ ಭಾಗವೇ. ನಂತರ ಆಸ್ಪತ್ರೆಯ ವೈದ್ಯರ ತಪಾಸಣೆ. ಇಲ್ಲಿ ಹೆಚ್ಚಾಗಿ ಕೆಡುವುದು ಹೆಸರು: ಆಧಾರ್‌ನಲ್ಲಿ ಒಂದು ಬಗೆ, ಶಾಲಾ ದಾಖಲೆಯಲ್ಲಿ ಇನ್ನೊಂದು ಬಗೆ. ಒಂದನೇ ತರಗತಿಯಲ್ಲೇ ಎರಡನ್ನೂ ಒಂದು ಮಾಡಿಸಿ. ಹತ್ತನೇ ತರಗತಿಯಲ್ಲಿ ಇದೊಂದಕ್ಕೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ ಇದರಲ್ಲೇ ಸೇರುತ್ತದೆ), ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವುದು), ಬೌದ್ಧಿಕ ವೈಕಲ್ಯ ಅದರಲ್ಲಿವೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಆದ್ದರಿಂದ ಎಡಿಎಚ್‌ಡಿ ಮಾತ್ರ ಇರುವ ಮಗುವಿಗೆ ಕಾರ್ಡ್ ಸಿಗುವುದು ಕಷ್ಟ. ಆದರೆ ಆ ಮಕ್ಕಳಲ್ಲಿ ಹಲವರಿಗೆ ಕಲಿಕಾ ನ್ಯೂನತೆಯೂ ಜೊತೆಗಿರುತ್ತದೆ. ಅದರ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಕೇಂದ್ರದ ಮಾರ್ಗಸೂಚಿಯಂತೆ ಕಲಿಕಾ ನ್ಯೂನತೆಗೆ ಮೊದಲ ಪ್ರಮಾಣಪತ್ರ 8ನೇ ವಯಸ್ಸಿನಿಂದ. ಬಳಸುವುದು ನಿಮ್ಹಾನ್ಸ್ (ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ) ರೂಪಿಸಿದ ಪರೀಕ್ಷೆ. 14 ಮತ್ತು 18ನೇ ವಯಸ್ಸಿನಲ್ಲಿ ಮರುತಪಾಸಣೆ ಇರುತ್ತದೆ. 14ರ ತಪಾಸಣೆಯನ್ನು ಮರೆತವರೇ ಎಸ್‌ಎಸ್‌ಎಲ್‌ಸಿ ವೇಳೆಗೆ ಒದ್ದಾಡುತ್ತಾರೆ.

ಮಗುವಿಗೆ ತೊಂದರೆ ಇದೆ ಎಂದು ಶಿಕ್ಷಕರು ಗುರುತಿಸುವುದು ಹೇಗೆ? ನಾವು ವೈದ್ಯರಲ್ಲವಲ್ಲ.

ರೋಗದ ಹೆಸರು ಹೇಳುವುದು ನಿಮ್ಮ ಕೆಲಸವಲ್ಲ. ಕಂಡದ್ದನ್ನು ಬರೆದಿಡುವುದು ನಿಮ್ಮ ಕೆಲಸ. ‘ಇವನಿಗೆ ಆಟಿಸಂ ಇರಬೇಕು’ ಎಂದು ತಾಯಿಗೆ ಹೇಳಬೇಡಿ. ‘ಹೆಸರು ಕೂಗಿದರೆ ತಿರುಗುವುದಿಲ್ಲ, ಪಿರಿಯಡ್ ಬದಲಾದಾಗ ಅಳುತ್ತಾನೆ, ಬೆಲ್ ಹೊಡೆದಾಗ ಕಿವಿ ಮುಚ್ಚುತ್ತಾನೆ’ ಎಂದು ಹೇಳಿ. ಎನ್‌ಸಿಇಆರ್‌ಟಿ ತಂದಿರುವ ‘ಪ್ರಶಸ್ತ್’ ಆ್ಯಪ್‌ನ ಪ್ರಶ್ನಾವಳಿ 21 ವೈಕಲ್ಯಗಳಿಗೂ ಇಂಥ ಗಮನಿಕೆಗಳನ್ನೇ ಕೇಳುತ್ತದೆ. ಅದು ತಪಾಸಣೆಗೆ ಕಳುಹಿಸುವ ಮುಂಚಿನ ಹೆಜ್ಜೆ ಮಾತ್ರ. ಅದರ ಫಲಿತಾಂಶವನ್ನೇ ರೋಗನಿರ್ಣಯ ಎಂದುಕೊಳ್ಳಬಾರದು.

ಮೊದಲು ಕಣ್ಣು, ಕಿವಿ ನೋಡಿಸಿ. ‘ದಡ್ಡ’ ಎನಿಸಿಕೊಂಡ ಎಷ್ಟೋ ಮಕ್ಕಳಿಗೆ ಬೇಕಾಗಿದ್ದದ್ದು ಕನ್ನಡಕ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ನಿಮಗೆ ಅನುಮಾನ ಇರುವ ಮಕ್ಕಳ ಪಟ್ಟಿ ಮೊದಲೇ ಸಿದ್ಧವಿರಲಿ. ಸಾಲಿನಲ್ಲಿ ನಿಲ್ಲಿಸಿ ನೋಡುವ ಗಡಿಬಿಡಿಯಲ್ಲಿ ಸೂಕ್ಷ್ಮ ತೊಂದರೆಗಳು ತಪ್ಪಿಹೋಗುತ್ತವೆ. ಅಲ್ಲಿಂದ ಮುಂದೆ ಜಿಲ್ಲಾಸ್ಪತ್ರೆಯ ಡಿಇಐಸಿ (ಮಕ್ಕಳ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ) ಕೇಂದ್ರ. ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ), ನಡವಳಿಕೆ ಮತ್ತು ಕಲಿಕೆಗೆ ಬೆಂಗಳೂರಿನ ನಿಮ್ಹಾನ್ಸ್, ಮಧ್ಯ ಕರ್ನಾಟಕದವರಿಗೆ ದಾವಣಗೆರೆಯ ಸಿಆರ್‌ಸಿ (ವಿಕಲಚೇತನರ ಸಂಯುಕ್ತ ಪ್ರಾದೇಶಿಕ ಕೇಂದ್ರ) ಇವೆ.

ನನ್ನ ತರಗತಿಯಲ್ಲಿ 45 ಮಕ್ಕಳು, ನಾನೊಬ್ಬನೇ. ಎಲ್ಲಿಂದ ಶುರು ಮಾಡಲಿ?

ಒಂದು ಮಗುವಿಗಾಗಿ ಬೇರೆ ಪಾಠ ತಯಾರಿಸಲು ಹೊರಟರೆ ಎರಡು ವಾರದಲ್ಲಿ ದಣಿಯುತ್ತೀರಿ. ಇಡೀ ತರಗತಿಗೆ ಒಪ್ಪುವ ಬದಲಾವಣೆಗಳಿಂದ ಶುರು ಮಾಡಿ.

ದಿನದ ಪಿರಿಯಡ್‌ಗಳನ್ನು ಬೆಳಿಗ್ಗೆ ಬೋರ್ಡಿನ ಮೂಲೆಯಲ್ಲಿ ಚಿತ್ರದ ಜೊತೆ ಬರೆದು, ಮುಗಿದದ್ದನ್ನು ಹೊಡೆದುಹಾಕುತ್ತ ಹೋಗಿ. ಮುಂದೇನು ಎಂಬ ಆತಂಕದಿಂದ ಕೂಗಾಡುವ ಆಟಿಸಂ ಮಗುವಿಗೆ ಇದೊಂದೇ ಎಷ್ಟೋ ಸಮಾಧಾನ. ಪಿರಿಯಡ್ ಮುಗಿಯುವ 5 ನಿಮಿಷ ಮೊದಲು ‘ಇನ್ನೈದು ನಿಮಿಷ’ ಎಂದು ಹೇಳಿ. ಸೂಚನೆಗಳನ್ನು ಒಂದೊಂದಾಗಿ ಕೊಡಿ. ‘ಪುಸ್ತಕ ತೆಗೆದು 32ನೇ ಪುಟದ ಎರಡನೇ ಪ್ರಶ್ನೆ ಬರೆದು ತಂದು ತೋರಿಸಿ’ ಎಂಬ ಒಂದು ವಾಕ್ಯದಲ್ಲಿ ನಾಲ್ಕು ಕೆಲಸಗಳಿವೆ. ಎಡಿಎಚ್‌ಡಿ ಇರುವ ಮಗು ಮೊದಲನೆಯದನ್ನು ಮಾಡುವಷ್ಟರಲ್ಲಿ ಉಳಿದ ಮೂರು ಮರೆತಿರುತ್ತದೆ. ಹತ್ತು ಲೆಕ್ಕ ಒಟ್ಟಿಗೆ ಕೊಡುವ ಬದಲು ಮೂರು ಕೊಟ್ಟು ನೋಡಿ, ಮತ್ತೆ ಮೂರು ಕೊಡಿ. ನಡುವೆ ಡಸ್ಟರ್ ತರುವುದು, ಪುಸ್ತಕ ಹಂಚುವುದು ಮುಂತಾದ ಎದ್ದು ಓಡಾಡುವ ಕೆಲಸ ಆ ಮಗುವಿಗೇ ಇರಲಿ.

1ರಿಂದ 3ನೇ ತರಗತಿಯ ನಲಿ-ಕಲಿ (ಕಾರ್ಡುಗಳ ಮೂಲಕ ಚಟುವಟಿಕೆಯಿಂದ ಕಲಿಸುವ ಸರ್ಕಾರಿ ಶಾಲೆಗಳ ಪದ್ಧತಿ) ಶಿಕ್ಷಕರಿಗೆ ಇದು ಹೊಸತಲ್ಲ. ಪ್ರತಿ ಮಗು ತನ್ನ ಮೈಲಿಗಲ್ಲಿನಲ್ಲಿ ತನ್ನ ವೇಗದಲ್ಲಿ ಕಲಿಯುವುದು, ಶಿಕ್ಷಕರ ಬೆಂಬಲದ ತಟ್ಟೆಯಿಂದ (ಗುಂಪಿನಿಂದ) ಸ್ವಕಲಿಕೆಯ ತಟ್ಟೆಗೆ ಸಾಗುವುದು ಸಮನ್ವಯ ಶಿಕ್ಷಣಕ್ಕೆ ಹೇಳಿ ಮಾಡಿಸಿದ ಪದ್ಧತಿ. ತೊಂದರೆ ಆಗುವುದು 4ನೇ ತರಗತಿಯಲ್ಲಿ. ಕಲಿಕೆಯ ಮೆಟ್ಟಿಲು ತೋರುವ ಏಣಿ ಇಲ್ಲ, ಕಾರ್ಡ್ ಇಲ್ಲ, ಒಮ್ಮೆಗೇ ಪಠ್ಯಪುಸ್ತಕ. ಮಗು ಅಲ್ಲೇ ಹಿಂದೆ ಬೀಳುತ್ತದೆ. 4ನೇ ತರಗತಿಯ ಮೊದಲ ಎರಡು ತಿಂಗಳು ಆ ಮಕ್ಕಳಿಗೆ ಹಳೆಯ ಕಾರ್ಡುಗಳನ್ನು ಮುಂದುವರಿಸಲು ಯಾವ ಅಡ್ಡಿಯೂ ಇಲ್ಲ.

ಡಿಸ್ಲೆಕ್ಸಿಯಾ ಇಂಗ್ಲಿಷ್‌ಗೆ ಸಂಬಂಧಿಸಿದ್ದಲ್ಲವೇ? ಕನ್ನಡ ಓದಿದಂತೆ ಬರೆಯುವ ಭಾಷೆ. ಅದರಲ್ಲೂ ಬರುತ್ತದೆಯೇ?

ಬರುತ್ತದೆ, ಬೇರೆ ರೂಪದಲ್ಲಿ. ಇಂಗ್ಲಿಷ್‌ನಲ್ಲಿ ಮಗು ಸ್ಪೆಲ್ಲಿಂಗ್‌ನಲ್ಲಿ ಎಡವಿದರೆ ಕನ್ನಡದಲ್ಲಿ ಎಡವುವುದು ಗುಣಿತ ಮತ್ತು ಒತ್ತಕ್ಷರಗಳಲ್ಲಿ. ‘ಅಕ್ಕ’ ಹೋಗಿ ‘ಅಕ’ ಆಗುತ್ತದೆ, ‘ಹಾಲು’ ಹೋಗಿ ‘ಹಲು’ ಆಗುತ್ತದೆ. ಬ–ಭ, ದ–ಧ, ಪ–ಷ, ಮ–ವ ಅದಲುಬದಲಾಗುತ್ತವೆ. ಎಲ್ಲ ಮಕ್ಕಳೂ ಮೊದಲೆರಡು ವರ್ಷ ಹೀಗೆ ತಪ್ಪುತ್ತಾರೆ. 3ನೇ ತರಗತಿ ಮುಗಿದರೂ ಅದೇ ತಪ್ಪುಗಳು ಉಳಿದಿದ್ದು, ಬಾಯಲ್ಲಿ ಕೇಳಿದರೆ ಉತ್ತರ ಚೆನ್ನಾಗಿ ಹೇಳುವ ಮಗುವಾಗಿದ್ದರೆ ಗಮನಿಸಿ.

ಅರ್ಕಾವತ್ತನ್ನು ನೋಡಿ. ‘ಕರ್ನಾಟಕ’ ಎನ್ನುವಾಗ ‘ರ್’ ಕೇಳಿಸುವುದು ‘ಕ’ ಆದ ಕೂಡಲೇ. ಬರೆಯುವುದು ಮಾತ್ರ ‘ನಾ’ ಬರೆದ ಮೇಲೆ, ಅದರ ಬಲಕ್ಕೆ. ಕಿವಿಗೆ ಬಿದ್ದ ಕ್ರಮದಲ್ಲೇ ಬರೆಯುವ ಮಗು ಅದನ್ನು ‘ಕ’ದ ಪಕ್ಕ ಇಟ್ಟು ‘ರ್ಕನಾಟಕ’ ಮಾಡುತ್ತದೆ. ಹತ್ತು ಸಲ ಬರೆಸಿದರೆ ಹತ್ತು ಸಲವೂ ಹಾಗೇ ಬರೆಯುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ಅದು ಸರಿ. ಮೊದಲು ‘ಕ – ರ್ – ನಾ – ಟ – ಕ’ ಎಂದು ಬಿಡಿ ಚೀಟಿಗಳಲ್ಲಿ ಜೋಡಿಸಿಸಿ. ಆಮೇಲೆ ‘ರ್’ ಚೀಟಿಯನ್ನು ಕೈಯಿಂದಲೇ ಎತ್ತಿ ‘ನಾ’ ಚೀಟಿಯ ಆಚೆ ಇಡಿಸಿ, ಅರ್ಕಾವತ್ತಿನ ಚಿಹ್ನೆಯಾಗಿ ಬದಲಿಸಿ. ಸೂರ್ಯ, ಪರ್ವತ, ಮಾರ್ಗ ಹೀಗೆ ದಿನಕ್ಕೆ ಐದು ಪದ ಸಾಕು. ಒತ್ತಕ್ಷರಗಳನ್ನು ಕೆಂಪು ಪೆನ್ನಿನಲ್ಲಿ, ಮೂಲ ಅಕ್ಷರವನ್ನು ನೀಲಿಯಲ್ಲಿ ಬರೆದುಕೊಟ್ಟರೆ ಕಣ್ಣು ಎರಡನ್ನೂ ಹಿಡಿಯುತ್ತದೆ.

ಓದುವಾಗ ಸಾಲು ತಪ್ಪುವ ಮಗುವಿಗೆ ಹಳೆಯ ಆಮಂತ್ರಣ ಪತ್ರಿಕೆಯ ರಟ್ಟಿನಲ್ಲಿ ಒಂದೇ ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿಕೊಡಿ. ಒತ್ತಕ್ಷರವೂ ಕಾಣಬೇಕಾದ್ದರಿಂದ ಕಿಂಡಿಯ ಎತ್ತರ ಒಂದೂವರೆ ಸೆಂಟಿಮೀಟರ್ ಇರಲಿ. ಇಂಗ್ಲಿಷ್‌ಗೆ ಮಾಡುವಷ್ಟು ಕಿರಿದಾಗಿ ಕತ್ತರಿಸಿದರೆ ಒತ್ತುಗಳೇ ಮುಚ್ಚಿಹೋಗುತ್ತವೆ. ಎಲ್ಲರ ಮುಂದೆ ಎದ್ದು ನಿಂತು ಗಟ್ಟಿಯಾಗಿ ಓದಿಸಬೇಡಿ. ವಿಜ್ಞಾನ, ಸಮಾಜ ವಿಜ್ಞಾನದ ಉತ್ತರದಲ್ಲಿ ಕಾಗುಣಿತಕ್ಕೆ ಅಂಕ ಕಳೆಯಬೇಡಿ, ವಿಷಯಕ್ಕೆ ಕೊಡಿ.

ಮನೆಯಲ್ಲಿ ತುಳು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಜೊತೆಗೆ ಇಂಗ್ಲಿಷ್. ಮಾತು ತಡವಾದ ಮಗುವಿಗೆ ಒಂದೇ ಭಾಷೆ ಸಾಕೆಂದು ಕೆಲವರು ಹೇಳುತ್ತಾರೆ. ನಿಜವೇ?

ಎರಡು ಭಾಷೆ ಕೇಳಿಸಿಕೊಳ್ಳುವುದರಿಂದ ಆಟಿಸಂ ಬರುವುದಿಲ್ಲ, ಇದ್ದದ್ದು ಹೆಚ್ಚಾಗುವುದೂ ಇಲ್ಲ. ಅಪ್ಪ ಅಮ್ಮ ತಮಗೆ ಸಲೀಸಾಗಿ ಬಾರದ ಇಂಗ್ಲಿಷ್‌ನಲ್ಲಿ ಮಾತಾಡಲು ಹೋದಾಗಲೇ ನಷ್ಟ. ಮನೆಯ ಮಾತೇ ಕಡಿಮೆಯಾಗುತ್ತದೆ, ಅಜ್ಜ ಅಜ್ಜಿಯ ಜೊತೆಗಿನ ಸಂಬಂಧ ಕಡಿದುಹೋಗುತ್ತದೆ. ಮನೆಮಾತನ್ನು ಬಿಡಬೇಡಿ. ಶಾಲೆಯಲ್ಲಿ ಬೇಕಾಗುವ ‘ನೀರು’, ‘ಬಾತ್‌ರೂಮ್’, ‘ಸಾಕು’, ‘ನೋವು’ ಇಂಥ ಹತ್ತು ಪದಗಳಿಗೆ ಚಿತ್ರದ ಕಾರ್ಡ್ ಮಾಡಿ, ಮಗು ಬೆರಳಿಟ್ಟು ತೋರಿಸಲಿ. ಹೀಗೆ ತೋರಿಸುವುದರಿಂದ ಮಾತು ನಿಂತುಹೋಗುತ್ತದೆ ಎಂಬ ಭಯ ಬೇಡ.

ಮಗು ತರಗತಿಯಲ್ಲಿ ಕಿರುಚುತ್ತದೆ, ನೆಲಕ್ಕೆ ಬಿದ್ದು ಹೊರಳುತ್ತದೆ. ಆಗ ಏನು ಮಾಡಬೇಕು?

ಆ ಕ್ಷಣದಲ್ಲಿ ಬುದ್ಧಿ ಹೇಳಬೇಡಿ, ಗದರಿಸಬೇಡಿ, ಹಿಡಿದುಕೊಳ್ಳಬೇಡಿ. ಮಾತು ನಿಲ್ಲಿಸಿ, ಫ್ಯಾನು ಲೈಟು ಆರಿಸಿ, ಚೂಪಾದ ವಸ್ತು ತೆಗೆದಿಟ್ಟು, ಉಳಿದ ಮಕ್ಕಳನ್ನು ಸ್ವಲ್ಪ ದೂರ ಸರಿಸಿ, ಒಬ್ಬರು ಹತ್ತಿರ ಸುಮ್ಮನೆ ಕೂತಿರಿ. ಅಡಗಿದ ಮೇಲೂ ಅರ್ಧ ಗಂಟೆ ಪಾಠಕ್ಕೆ ಕರೆಯಬೇಡಿ.

ನಿಜವಾದ ಕೆಲಸ ಇರುವುದು ಆಮೇಲೆ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ನಂತರ ಏನು ಸಿಕ್ಕಿತು. ಎರಡು ವಾರ ಪ್ರತಿ ಸಲ ತುಂಬಿಸಿದರೆ ಮಾದರಿ ಕಣ್ಣಿಗೆ ಕಾಣುತ್ತದೆ. ಪ್ರಾರ್ಥನೆಯ ಡ್ರಮ್ ಆದ ಮೇಲೆಯೇ ಶುರುವಾಗುತ್ತಿದ್ದರೆ ಕಾರಣ ಶಬ್ದ. ಹಾಗಾದರೆ ಹಿಂದಿನ ಸಾಲಿನಲ್ಲಿ ನಿಲ್ಲಿಸಿ ಅಥವಾ ಡ್ರಮ್ ಮುಗಿದ ಮೇಲೆ ಕರೆತನ್ನಿ. ಬಿಸಿಯೂಟದ ಸಾಲಿನಲ್ಲಿ ಆಗುತ್ತಿದ್ದರೆ ನೂಕುನುಗ್ಗಲು ಮತ್ತು ವಾಸನೆ ಕಾರಣವಿರಬಹುದು. ಐದು ನಿಮಿಷ ಮುಂಚೆ ಬಡಿಸಿ. ಬರೆಯುವ ಕೆಲಸ ಕೊಟ್ಟಾಗಲೆಲ್ಲ ಆಗಿ, ಹೊರಗೆ ಕಳುಹಿಸಿದೊಡನೆ ನಿಲ್ಲುತ್ತಿದ್ದರೆ ಬರವಣಿಗೆ ಆ ಮಗುವಿಗೆ ಹೊರೆಯಾಗಿದೆ ಎಂದು ತಿಳಿಯಿರಿ. ಹೊಡೆಯುವುದು, ಹೊರಗೆ ನಿಲ್ಲಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂನಂತೆ ನಿಷಿದ್ಧ. ಅದರಿಂದ ನಡವಳಿಕೆಯ ಕಾರಣವೂ ಹೋಗುವುದಿಲ್ಲ.

ಫಿಟ್ಸ್ ಬಂದರೆ?

ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಾಯಿಗೆ ನೀರು ಹಾಕುವುದು ಬೇಡ. ಹಲ್ಲಿನ ನಡುವೆ ಏನನ್ನೂ ತುರುಕಬೇಡಿ. 5 ನಿಮಿಷ ದಾಟಿದರೆ ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಕರೆ ಮಾಡಿ.

ಶ್ರವಣ ಸಾಧನ ಕೊಟ್ಟಿದ್ದಾರೆ, ಆದರೆ ಮಗು ಹಾಕಿಕೊಳ್ಳುವುದಿಲ್ಲ. ಏಕೆ?

ಹೆಚ್ಚಿನ ಸಲ ಕಾರಣ ಬ್ಯಾಟರಿ ಅಥವಾ ಕಿವಿಯ ಅಚ್ಚು. ಸಣ್ಣ ಗುಂಡು ಬ್ಯಾಟರಿ ಒಂದೆರಡು ವಾರಕ್ಕೆ ಮುಗಿಯುತ್ತದೆ. ಕೊಂಡುಕೊಡುವವರಿಲ್ಲದೆ ಸಾಧನ ಡಬ್ಬಿ ಸೇರುತ್ತದೆ. ಮಗು ಬೆಳೆದಂತೆ ಅಚ್ಚು ಸಡಿಲವಾಗಿ ಸಿಳ್ಳೆ ಹೊಡೆದಂತೆ ಸದ್ದು ಬರುತ್ತದೆ, ಪಕ್ಕದ ಮಕ್ಕಳು ನಗುತ್ತಾರೆ, ಮಗು ತೆಗೆದಿಡುತ್ತದೆ. ಸಿಳ್ಳೆ ಬಂದರೆ ಹೊಸ ಅಚ್ಚು ಮಾಡಿಸಬೇಕು ಎಂದರ್ಥ. ಬೆಳಿಗ್ಗೆ ಹಾಜರಿ ಕರೆಯುವಾಗಲೇ ಮಗುವಿನ ಹಿಂದಿನಿಂದ ಮೆಲ್ಲಗೆ ಹೆಸರು ಕರೆದು ನೋಡಿ. ಸಾಧನ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅಷ್ಟು ಸಾಕು.

ಸಾಧನ ಇದ್ದರೂ ದೂರದ ಮಾತು ಗದ್ದಲದಲ್ಲಿ ಕಲಸಿಹೋಗುತ್ತದೆ. ಮಗು ನಿಮ್ಮಿಂದ ಒಂದೆರಡು ಮೀಟರ್ ಒಳಗಿರಲಿ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಬೋರ್ಡಿನ ಕಡೆ ತಿರುಗಿ ಬರೆಯುತ್ತ ಮಾತಾಡಬೇಡಿ. ಬರೆದು ಮುಗಿಸಿ, ತಿರುಗಿ, ಆಮೇಲೆ ಹೇಳಿ.

ರ್‍ಯಾಂಪ್ ಕಟ್ಟಿಸಿದ್ದೇವೆ. ಗಾಲಿಕುರ್ಚಿ ಹತ್ತುವುದಿಲ್ಲ.

ಇಳಿಜಾರು ಕಡಿದಾಗಿರುತ್ತದೆ. ನಿಯಮ 1:12, ಅಂದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ. 15 ಸೆಂ.ಮೀ.ನ ಮೂರು ಮೆಟ್ಟಿಲಿದ್ದರೆ ಎತ್ತರ 45 ಸೆಂ.ಮೀ., ರ್‍ಯಾಂಪ್ 5.4 ಮೀಟರ್ ಬೇಕು. ಜಾಗ, ಹಣ ಉಳಿಸಲು ಎರಡು ಮೀಟರ್‌ಗೆ ಮುಗಿಸುತ್ತಾರೆ. ಆಗ ಅದು ಮಕ್ಕಳಿಗೆ ಜಾರುಬಂಡೆ ಆಗುತ್ತದೆ, ಅಷ್ಟೇ. ಉದ್ದಕ್ಕೆ ಜಾಗ ಇಲ್ಲದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಿ ಕಟ್ಟಿ. ಅಗಲ 1.2 ಮೀಟರ್, ಮೇಲೂ ಕೆಳಗೂ 1.5 ಮೀಟರ್ ಸಮತಟ್ಟು, ಎರಡೂ ಬದಿ ಹಿಡಿಕಂಬಿ, ಮೇಲ್ಮೈ ಒರಟು. ನುಣ್ಣನೆಯ ಟೈಲ್ಸ್ ಹಾಕಿದರೆ ಮಳೆಗಾಲದಲ್ಲಿ ಊರುಗೋಲು ಜಾರುತ್ತದೆ.

ರ್‍ಯಾಂಪ್‌ಗಿಂತ ಮೊದಲು ಶೌಚಾಲಯ ನೋಡಿ ಎಂದು ನಾವು ಒತ್ತಿ ಹೇಳುತ್ತೇವೆ. ಹೋಗಲು ಆಗದ ಮಗು ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುತ್ತದೆ. ದೊಡ್ಡವಳಾದ ಹುಡುಗಿ ಶಾಲೆಯನ್ನೇ ಬಿಡುತ್ತಾಳೆ. ಬಾಗಿಲು 90 ಸೆಂ.ಮೀ. ಅಗಲವಿದ್ದು ಹೊರಕ್ಕೆ ತೆರೆಯಬೇಕು. ಒಳಗೆ ಗಾಲಿಕುರ್ಚಿ ತಿರುಗಲು 1.5 ಮೀಟರ್ ಜಾಗ, ಕಮೋಡ್, ಪಕ್ಕದಲ್ಲಿ ಹಿಡಿಕಂಬಿ ಬೇಕು. ಕಟ್ಟಿದ ವಿಶೇಷ ಶೌಚಾಲಯಕ್ಕೆ ಬೀಗ ಹಾಕಿ ಪೊರಕೆ, ಬಕೆಟ್ ತುಂಬುವುದನ್ನು ಎಸ್‌ಡಿಎಂಸಿ ನಿಲ್ಲಿಸಬೇಕು.

ಬಿಐಇಆರ್‌ಟಿ ಎಂದರೆ ಯಾರು? ಅವರಿಂದ ಏನು ಕೇಳಬಹುದು?

ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಇಡೀ ತಾಲ್ಲೂಕಿಗೆ ಕೆಲವೇ ಮಂದಿ ಇರುವುದರಿಂದ ನಿಮ್ಮ ಶಾಲೆಗೆ ಬರುವುದು ಅಪರೂಪ. ಬಂದಾಗ ಸಹಿ ಹಾಕಿಸಿ ಕಳುಹಿಸುವ ಬದಲು ಒಂದು ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಅವರ ಜೊತೆ ಕೂತು ಬರೆಯಿರಿ. ಗುರಿ ಅಳೆಯುವಂತಿರಲಿ. ‘ಓದು ಸುಧಾರಿಸುವುದು’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಸೆಪ್ಟೆಂಬರ್ ಕೊನೆಗೆ ಒತ್ತಕ್ಷರವಿಲ್ಲದ ಎರಡಕ್ಷರದ 20 ಪದಗಳಲ್ಲಿ 15 ತಾನೇ ಓದುವುದು’ ಎಂದು ಬರೆದರೆ ಆಯಿತೋ ಇಲ್ಲವೋ ಗೊತ್ತಾಗುತ್ತದೆ. ಒಂದು ಅವಧಿಗೆ ಮೂರು ಗುರಿ ಸಾಕು.

ವಿಶೇಷ ಶಿಕ್ಷಕರ ಕೊರತೆ ದೊಡ್ಡ ಕೊರತೆಯೇ. ಪ್ರಾಥಮಿಕದಲ್ಲಿ 10 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬರು, ಪ್ರೌಢಶಾಲೆಯಲ್ಲಿ 15ಕ್ಕೆ ಒಬ್ಬರು ಇರಬೇಕೆಂಬ ಪ್ರಮಾಣದ ಆಧಾರದ ಮೇಲೆ ಸುಪ್ರೀಂ ಕೋರ್ಟ್ 2021ರಲ್ಲಿ ನಿರ್ದೇಶನ ನೀಡಿದೆ. ಎಸ್‌ಡಿಎಂಸಿ ಠರಾವು ಮಾಡಿ ಹುದ್ದೆ ಕೇಳುವಾಗ ಇದನ್ನು ಉಲ್ಲೇಖಿಸಿ.

ಸಮಗ್ರ ಶಿಕ್ಷಣ ಎಂಬ ಕೇಂದ್ರ ಪುರಸ್ಕೃತ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗಿನ ಲೆಕ್ಕದಲ್ಲಿ ಅನುದಾನವಿದೆ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಪ್ರೋತ್ಸಾಹಧನವಿದೆ. ಇವೆಲ್ಲಕ್ಕೂ ಮೊದಲು ಸ್ಯಾಟ್ಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಮಗುವಿನ ವೈಕಲ್ಯದ ವಿವರ ದಾಖಲಾಗಿರಬೇಕು. ಅಲ್ಲಿ ಖಾಲಿ ಬಿಟ್ಟರೆ ಇಲಾಖೆಯ ಲೆಕ್ಕದಲ್ಲಿ ಆ ಮಗು ಇಲ್ಲವೇ ಇಲ್ಲ.

ಖಾಸಗಿ ಶಾಲೆ ‘ಶ್ಯಾಡೋ ಟೀಚರ್ (ತರಗತಿಯಲ್ಲಿ ಮಗುವಿನ ಪಕ್ಕದಲ್ಲೇ ಕೂರುವ ಸಹಾಯಕರು) ನೀವೇ ನೇಮಿಸಿಕೊಳ್ಳಿ’ ಎನ್ನುತ್ತದೆ.

ಪ್ರವೇಶಕ್ಕೆ ಅದನ್ನು ಷರತ್ತಾಗಿಸುವುದು ಸರಿಯಲ್ಲ. ಹೊಂದಾಣಿಕೆ ಮಾಡಿಕೊಡುವ ಹೊಣೆ ಶಾಲೆಯದು. ಇನ್ನೊಂದು ತೊಂದರೆಯೂ ಇದೆ. ಮಗುವಿಗೂ ಶಿಕ್ಷಕರಿಗೂ ನಡುವೆ ಮೂರನೆಯವರು ದಿನವಿಡೀ ಕೂತರೆ ಶಿಕ್ಷಕರು ಆ ಮಗುವಿನತ್ತ ನೋಡುವುದನ್ನೇ ಬಿಡುತ್ತಾರೆ, ಗೆಳೆಯರೂ ಹತ್ತಿರ ಬರುವುದಿಲ್ಲ. ಸಹಾಯಕರು ನಿಜವಾಗಿ ಬೇಕಾದ ಮಕ್ಕಳಿದ್ದಾರೆ. ಆಗ ಯಾವ ಪಿರಿಯಡ್‌ನಲ್ಲಿ, ಯಾವ ಕೆಲಸಕ್ಕೆ, ಎಷ್ಟು ತಿಂಗಳು, ಹೇಗೆ ಕಡಿಮೆ ಮಾಡುತ್ತ ಬರುವುದು ಎಂದು ಮೊದಲ ದಿನವೇ ಬರೆದುಕೊಳ್ಳಿ.

ಎಸ್‌ಎಸ್‌ಎಲ್‌ಸಿಯಲ್ಲಿ ಏನೇನು ರಿಯಾಯಿತಿ ಸಿಗುತ್ತದೆ?

ಹೆಚ್ಚುವರಿ ಸಮಯ, ಬರೆಯಲು ಸಹಾಯಕ ಲಿಪಿಕಾರ, ವೈಕಲ್ಯಕ್ಕೆ ಅನುಗುಣವಾಗಿ ಭಾಷೆಯಿಂದ ವಿನಾಯಿತಿ, ಗಣಿತ ಅಥವಾ ವಿಜ್ಞಾನದ ಬದಲು ಸಮಾಜಶಾಸ್ತ್ರ, ರಾಜ್ಯಶಾಸ್ತ್ರದಂಥ ಪರ್ಯಾಯ ವಿಷಯ. ಕೇಂದ್ರದ ಮಾರ್ಗಸೂಚಿಯಲ್ಲಿ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷ, ಅಂದರೆ 3 ಗಂಟೆಯ ಪತ್ರಿಕೆಗೆ 1 ಗಂಟೆ. ಲಿಪಿಕಾರ ಕೆಳಗಿನ ತರಗತಿಯವರಾಗಿರಬೇಕು. ಶಾಲೆಯ ಮೂಲಕ, ವೈದ್ಯಕೀಯ ಪ್ರಮಾಣಪತ್ರದ ಜೊತೆ, ಪರೀಕ್ಷಾ ಮಂಡಳಿಗೆ ಪ್ರಸ್ತಾವ ಹೋಗಬೇಕು. ಪರೀಕ್ಷೆಗೆ ನೋಂದಣಿ ಮಾಡುವಾಗಲೇ ಇದನ್ನೂ ಕಳುಹಿಸಿ. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಕೈತಪ್ಪುತ್ತದೆ.

ಶೇ 40ಕ್ಕಿಂತ ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸಿದರೆ, ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಕೊಟ್ಟ ತೀರ್ಪನ್ನು ತೋರಿಸಿ. ಬರೆಯಲು ನಿಜವಾದ ತೊಂದರೆ ಇರುವವರಿಗೆ ಆ ಶೇಕಡಾವಾರು ಅಡ್ಡಿಯಾಗಬಾರದು ಎಂಬುದೇ ಅದರ ಸಾರ.

ಪರ್ಯಾಯ ವಿಷಯ ಆರಿಸುವಾಗ ಆತುರ ಬೇಡ. ಗಣಿತ ಬಿಟ್ಟರೆ ಪಿಯುಸಿಯಲ್ಲಿ ವಿಜ್ಞಾನ, ಡಿಪ್ಲೊಮಾ ಬಾಗಿಲು ಮುಚ್ಚುತ್ತದೆ. 8ನೇ ತರಗತಿಯಲ್ಲೇ ಮಗು ಮತ್ತು ಪೋಷಕರೊಡನೆ ಕೂತು ಮಾತಾಡಿ. ಫಲಿತಾಂಶದ ಶೇಕಡಾವಾರು ಕಾಪಾಡಿಕೊಳ್ಳಲು 9ನೇ ತರಗತಿಯಲ್ಲಿ ಮಗುವನ್ನು ಮುಕ್ತ ಶಾಲೆಗೆ (ದಿನವೂ ತರಗತಿಗೆ ಹೋಗದೆ ಓದಿ ಪರೀಕ್ಷೆ ಬರೆಯುವ ವ್ಯವಸ್ಥೆ) ತಳ್ಳುವುದು ಅನ್ಯಾಯ. ಮುಕ್ತ ಶಾಲೆ ಒಳ್ಳೆಯ ದಾರಿಯೇ, ಆದರೆ ಮಗುವಿಗೆ ಒಪ್ಪುತ್ತದೆ ಎಂದು ಆರಿಸಿಕೊಂಡಾಗ ಮಾತ್ರ.

ಲಿಪಿಕಾರರ ಜೊತೆ ಅಭ್ಯಾಸ ಇಲ್ಲದೆ ಪರೀಕ್ಷೆಗೆ ಹೋದ ಮಗು ಗೊತ್ತಿದ್ದೂ ಅಂಕ ಕಳೆದುಕೊಳ್ಳುತ್ತದೆ. ಹೇಳಿ ಬರೆಸುವುದೂ ಕಲಿಯಬೇಕಾದ ವಿದ್ಯೆ: ಪ್ರಶ್ನೆಯ ಸಂಖ್ಯೆ ಹೇಳುವುದು, ಅರ್ಧ ವಾಕ್ಯಕ್ಕೆ ನಿಲ್ಲಿಸುವುದು, ‘ಇಲ್ಲಿವರೆಗೆ ಓದು’ ಎಂದು ಕೇಳುವುದು, ಚಿತ್ರದಲ್ಲಿ ಯಾವ ಭಾಗ ಎಲ್ಲಿ ಎಂದು ವಿವರಿಸುವುದು. 8ನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಶುರು ಮಾಡಿದರೆ ಹತ್ತನೆಯ ಹೊತ್ತಿಗೆ ಸಲೀಸಾಗುತ್ತದೆ.

ಉಳಿದ ಮಕ್ಕಳ ಪೋಷಕರು ‘ನಮ್ಮ ಮಕ್ಕಳ ಪಾಠ ಹಾಳಾಗುತ್ತದೆ’ ಎಂದರೆ?

ಪೋಷಕರ ಸಭೆಯಲ್ಲಿ ಯಾವ ಮಗುವಿನ ಹೆಸರೂ ಎತ್ತದೆ, ತರಗತಿಯಲ್ಲಿ ಮಾಡಿರುವ ಬದಲಾವಣೆಗಳನ್ನು ತೋರಿಸಿ. ಚಿತ್ರದ ವೇಳಾಪಟ್ಟಿ, ಬಿಡಿಸಿ ಹೇಳುವ ಸೂಚನೆ, ಕೈಯಲ್ಲಿ ಹಿಡಿದು ಮಾಡುವ ಲೆಕ್ಕ ಎಲ್ಲ ಮಕ್ಕಳಿಗೂ ಉಪಯೋಗಕ್ಕೆ ಬರುತ್ತಿವೆ ಎಂಬುದನ್ನು ಅವರೇ ನೋಡಲಿ. ಸಹಪಾಠಿಗಳಿಗೆ ನೇರವಾಗಿ ಹೇಳಿ: ‘ಅವನಿಗೆ ಜೋರು ಸದ್ದು ನೋವು ಕೊಡುತ್ತದೆ, ಆಟಕ್ಕೆ ಕರೆಯುವಾಗ ಎದುರು ನಿಂತು ಕರೆಯಿರಿ.’ ಮಕ್ಕಳಿಗೆ ಇಷ್ಟು ಸಾಕು. ಒಬ್ಬ ವಿದ್ಯಾರ್ಥಿಗೇ ವರ್ಷವಿಡೀ ಸಹಾಯದ ಹೊಣೆ ಹೊರಿಸಬೇಡಿ, ವಾರಕ್ಕೊಬ್ಬರಂತೆ ಬದಲಿಸಿ.

ಗೃಹಾಧಾರಿತ ಶಿಕ್ಷಣ ಯಾರಿಗೆ?

ತೀವ್ರ ಅಥವಾ ಬಹುವಿಧ ವೈಕಲ್ಯದಿಂದ ಶಾಲೆಗೆ ಬರಲು ಆಗದ ಮಕ್ಕಳಿಗೆ, ಅದೂ ಕುಟುಂಬ ಬಯಸಿದರೆ. ಕರೆದುಕೊಂಡು ಬರಲು ಜನವಿಲ್ಲ ಎಂಬುದು ಕಾರಣವಾಗಬಾರದು. ಅದಕ್ಕೆ ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ ಇವೆ. ಮನೆಯಲ್ಲಿ ಕಲಿಯುವ ಮಗುವಿನ ಹೆಸರೂ ಶಾಲೆಯ ದಾಖಲೆಯಲ್ಲಿರುತ್ತದೆ. ಸ್ವಾತಂತ್ರ್ಯೋತ್ಸವ, ಶಾಲಾ ವಾರ್ಷಿಕೋತ್ಸವಕ್ಕೆ ಕರೆತನ್ನಿ, ತಿಂಗಳಿಗೊಮ್ಮೆ ಸಹಪಾಠಿಗಳು ಮನೆಗೆ ಹೋಗಲಿ. ಆರು ತಿಂಗಳಿಗೊಮ್ಮೆ, ವಾರಕ್ಕೆ ಒಂದು ದಿನವಾದರೂ ಶಾಲೆಗೆ ಬರಲು ಸಾಧ್ಯವೇ ಎಂದು ಮತ್ತೆ ಕೇಳಿ.

ಶಾಲೆ ಒಪ್ಪದಿದ್ದರೆ ಯಾರಿಗೆ ದೂರು ಕೊಡುವುದು?

ಬಾಯಿಮಾತಿನ ನಿರಾಕರಣೆಗೆ ಸಾಕ್ಷಿ ಇರುವುದಿಲ್ಲ. ಪ್ರವೇಶ ಅಥವಾ ಹೊಂದಾಣಿಕೆ ಕೋರಿ ಬರೆದ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಮುಂದಿನದು ಕ್ಷೇತ್ರ ಶಿಕ್ಷಣಾಧಿಕಾರಿಗೆ. 2016ರ ಕಾಯ್ದೆಯಡಿ ಬಂದ 2017ರ ನಿಯಮಗಳಂತೆ ವಿಕಲಚೇತನ ಮಕ್ಕಳ ಪ್ರವೇಶದ ವಿಷಯ ನೋಡಿಕೊಳ್ಳಲು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕು. ಅವರು ಯಾರೆಂದು ಉಪನಿರ್ದೇಶಕರ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರಿಗೆ, ಮಗುವಿಗೆ ಹೊಡೆತ ಅಥವಾ ಅವಮಾನ ಆಗಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ. ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098. 2016ರ ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡ ವಿಧಿಸಲು 89ನೇ ಕಲಂನಲ್ಲಿ ಅವಕಾಶವಿದೆ. ದೂರಿನ ಜೊತೆ ಮೊದಲ ಅರ್ಜಿಯ ಮೊಹರು ಹಾಕಿದ ಪ್ರತಿ, ಯುಡಿಐಡಿ ಕಾರ್ಡ್ ಅಥವಾ ಅದರ ಅರ್ಜಿ ಸಂಖ್ಯೆ, ಮಗುವಿಗೆ ಬೇಕಾದ ಹೊಂದಾಣಿಕೆಗಳ ಒಂದು ಪುಟದ ಪಟ್ಟಿ ಇರಲಿ. ಏನು ಬೇಕು ಎಂದು ಸ್ಪಷ್ಟವಾಗಿ ಬರೆದ ದೂರಿಗೆ ಆದೇಶವೂ ಅಷ್ಟೇ ಸ್ಪಷ್ಟವಾಗಿ ಬರುವ ಸಾಧ್ಯತೆ ಹೆಚ್ಚು.